ಹದಿನೈದು ವರ್ಷ ಹೆಚ್ಚು ಸಿಕ್ಕರೆ ಏನು ಮಾಡ್ತೀಯಾ?

ಯೌವನಸ್ಥರ ಕೂಟದ ಸಂದೇಶ, ಬಾಗಲಕೋಟೆ
ವಾಕ್ಯಭಾಗ: 2 ಅರಸುಗಳು 20:1-19

ಬಾಗಿಲ ಹತ್ರ ನಿಂತವರು ಮುಂದೆ ಬರ್ರಿ, ಜಾಗ ಐತಿ. ಇವತ್ತಿಗೆ ನಾನು ಬೇರೆ ಸಂದೇಶ ಸಿದ್ಧ ಮಾಡಿಕೊಂಡಿದ್ದೆ. ಆದರೆ ಕಳೆದ ಎರಡು ತಿಂಗಳಲ್ಲಿ ನಿಮ್ಮಲ್ಲೇ ನಾಲ್ಕು ಜನ, ಬೇರೆ ಬೇರೆ ದಿನ, ಒಂದೇ ಮಾತು ಕೇಳಿದ್ರಿ: "ಪಾಸ್ಟರ್, ನಾನೂ ಒಂದ್ಸಲ ಹೃದಯ ಚೆಕ್ ಮಾಡಿಸ್ಲೇನು?" ಒಬ್ಬ ತಂಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೇಳಿದಳು: "ವಿಶ್ವಾಸಿ ಆದವರು ಸಾವಿಗೆ ಹೆದರಬಹುದೇನ್ರಿ? ಹೆದರಿ ವಾಕಿಂಗ್ ಶುರು ಮಾಡಿದ್ರೆ ಅದು ದೇವರ ಮೇಲಿನ ಅಪನಂಬಿಕೆ ಆಗೋದಿಲ್ಲೇನು?"

ಚೆಕ್ ಮಾಡಿಸೋದರ ಬಗ್ಗೆ ಡಾಕ್ಟರು ಹೇಳ್ತಾರೆ. ಆ ತಂಗಿಯ ಪ್ರಶ್ನೆಗೆ ನಾನು ಉತ್ತರ ಕೊಡಬೇಕು. ಅದಕ್ಕೇ ಇವತ್ತು ಹಿಜ್ಕೀಯನ ಹತ್ರ ಹೋಗೋಣ.

ಹಿಜ್ಕೀಯ ಅಂದ ಕೂಡಲೇ ನಮ್ಮ ಕಣ್ಮುಂದೆ ಬಿಳಿ ಗಡ್ಡದ ಮುದುಕ ಬರ್ತಾನೆ. ಲೆಕ್ಕ ಹಾಕಿ ನೋಡ್ರಿ. ಪಟ್ಟಕ್ಕೆ ಬಂದಾಗ ಅವನಿಗೆ 25 ವರ್ಷ. ಒಟ್ಟು ಆಳಿದ್ದು 29 ವರ್ಷ. ಕಾಯಿಲೆ ವಾಸಿಯಾದ ಮೇಲೆ ದೇವರು ಕೊಟ್ಟದ್ದು 15 ವರ್ಷ. ಅಂದರೆ ಮರಣಕರವಾದ ರೋಗ ಬಂದಾಗ ಅವನಿಗೆ ಸುಮಾರು 39. ಇಲ್ಲಿ ಕೂತಿರುವ ಕೆಲವರಿಗೆ ಇನ್ನು ಐದಾರು ವರ್ಷಕ್ಕೆ ಬರುವ ವಯಸ್ಸು. ಒಳ್ಳೇ ಅರಸ, ವಿಗ್ರಹಗಳನ್ನು ಒಡೆದವನು, ಪ್ರಾರ್ಥನೆ ಮಾಡುವವನು. ಇಂಥವನಿಗೆ ಪ್ರವಾದಿ ಯೆಶಾಯ ಬಂದು, ಮನೆಯ ವ್ಯವಸ್ಥೆ ಮಾಡಿಕೋ, ನೀನು ಉಳಿಯೋದಿಲ್ಲ ಅಂತ ಹೇಳ್ತಾನೆ.

ಹಿಜ್ಕೀಯ ಏನು ಮಾಡಿದ? ಗೋಡೆ ಕಡೆ ಮುಖ ತಿರುಗಿಸಿ ಗಳಗಳ ಅತ್ತ. ಹಲ್ಲೆಲೂಯ, ಪರಲೋಕಕ್ಕೆ ಹೋಗ್ತೀನಿ ಅನ್ನಲಿಲ್ಲ. ಅತ್ತ. ದೇವರು ಅದಕ್ಕೆ ಗದರಿಸಿದನೇ? ಇಲ್ಲ. ಯೆಶಾಯ ಅರಮನೆಯ ಅಂಗಳ ದಾಟೋದಕ್ಕೆ ಮುಂಚೆಯೇ ಅವನನ್ನು ತಿರುಗಿ ಕಳಿಸಿದ. ಕಣ್ಣೀರು ನೋಡಿದ್ದೇನೆ ಅಂತ ಹೇಳಿಸಿದ. ತಂಗೀ, ನಿನ್ನ ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ ಅಲ್ಲೇ ಇದೆ. ಹೆದರಬಹುದು. ಹೆದರಿದ್ದಕ್ಕೆ ದೇವರ ಹತ್ರ ಬೈಗುಳ ಇಲ್ಲ.

ಇನ್ನರ್ಧ ಕಷ್ಟದ್ದು. ಹೆದರಿಕೆಯಿಂದ ಹುಟ್ಟಿದ ತೀರ್ಮಾನ ಎಷ್ಟು ದಿನ ಬಾಳುತ್ತೆ, ಬಾಳಿದರೂ ಅದು ಯಾರಿಗಾಗಿ?

2021ರ ಅಕ್ಟೋಬರ್ 29 ನಿಮಗೆಲ್ಲ ನೆನಪಿದೆ. ಶುಕ್ರವಾರ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. 46 ವರ್ಷ. ಆ ಮನುಷ್ಯನ ವ್ಯಾಯಾಮದ ವಿಡಿಯೋ ನೋಡದೆ ಇದ್ದವರು ಕರ್ನಾಟಕದಲ್ಲಿ ಕಡಿಮೆ. ಓಡ್ತಿದ್ರು, ಪಲ್ಟಿ ಹೊಡೀತಿದ್ರು, ಕುಣೀತಿದ್ರು. ಬೆಳಿಗ್ಗೆ ಎದೆಯಲ್ಲಿ ತೊಂದರೆ ಅಂದ್ರು, ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಸಾಲು ಬೆಳೀತು. ಎದೆನೋವು ಇಲ್ಲದವರೂ ಇಸಿಜಿಗೆ ನಿಂತರು. ಇಲ್ಲಿ ಬಾಗಲಕೋಟೆಯಲ್ಲೂ ಒಂದು ವಾರ ಛಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಆಗ ನಾನು ಎರಡು ಥರದ ಜನ ನೋಡಿದೆ. ಒಬ್ಬರು ಅವತ್ತಿನ ರಾತ್ರಿಯೇ ಬೂಟು ಕೊಂಡರು. ಇನ್ನೊಬ್ಬರು ಅವತ್ತೇ ಜಿಮ್ ಬಿಟ್ಟರು. "ನೋಡ್ರಿ, ಅಷ್ಟು ವ್ಯಾಯಾಮ ಮಾಡಿದವಂಗ ಹಿಂಗಾತು, ಜಿಮ್ಮೇ ಕೊಂದಿದ್ದು" ಅಂದ್ರು. ಮೇಲ್ನೋಟಕ್ಕೆ ಇವರಿಬ್ಬರೂ ವಿರುದ್ಧ ದಿಕ್ಕಿಗೆ ಓಡ್ತಿದ್ದಾರೆ. ನನಗೆ ಮಾತ್ರ ಇಬ್ಬರೂ ಒಂದೇ ಮನೆಗೆ ಹೋಗ್ತಿದ್ದಾರೆ ಅನ್ನಿಸ್ತು. ಇಬ್ಬರಿಗೂ ಬೇಕಾದದ್ದು ಒಂದು ನಿಯಮ. ಇದನ್ನು ಮಾಡಿದರೆ ಸಾಯೋದಿಲ್ಲ, ಅಥವಾ ಅದನ್ನು ಬಿಟ್ಟರೆ ಸಾಯೋದಿಲ್ಲ ಅನ್ನುವ ನಿಯಮ. ಸತ್ತವರ ಜೀವನದಲ್ಲಿ ಒಂದು ತಪ್ಪು ಹುಡುಕಿ, ಆ ತಪ್ಪು ನನ್ನಲ್ಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳೋದು. ಯೋಬನ ಮೂವರು ಸ್ನೇಹಿತರು ಬೂದಿಯ ಮೇಲೆ ಕೂತವನ ಮುಂದೆ ಮಾಡಿದ್ದೂ ಇದನ್ನೇ.

2025ರಲ್ಲಿ ಮತ್ತೆ ಅದೇ ಆಯ್ತು. ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅನ್ನುವ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಈ ಸಲ ಮೈಸೂರಿನ ಜಯದೇವದ ಮುಂದೆ ಸಾಲು. ಕೋವಿಡ್ ಲಸಿಕೆ ಅಂದವರು ಕೆಲವರು, ಶಾಪ ಅಂದವರು ಕೆಲವರು. ನಮ್ಮ ವಿಶ್ವಾಸಿಗಳ ವಾಟ್ಸಾಪ್ ಗುಂಪುಗಳಲ್ಲೂ ಅಂತ್ಯಕಾಲದ ಗುರುತು ಅಂತ ಬಂತು, ನಾನೇ ಓದಿದ್ದೇನೆ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ಲಸಿಕೆ ಕಾರಣ ಅಲ್ಲ ಅಂತು. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ಕಡೆ ಬೆರಳು ತೋರಿಸ್ತು. ಸತ್ತವರಲ್ಲಿ ಆಟೊ, ಕಾರು ಓಡಿಸುವವರೂ ಇದ್ದರು, ಅಂದರೆ ದಿನವಿಡೀ ಕೂತು ದುಡಿಯುವವರು. ಈ ವರದಿ ಬಂದ ಮೇಲೆ ವಾಟ್ಸಾಪ್ ಗುಂಪು ತಣ್ಣಗಾಯ್ತು. ಶಾಪ ಅಂದರೆ ಹಂಚಿಕೊಳ್ಳೋಕೆ ರುಚಿ. ಉಪ್ಪು, ಸಕ್ಕರೆ, ಬೀಡಿ ಅಂದರೆ ಯಾರಿಗೂ ಬೇಡ.

ಅದೇನು ಹಾಸನದ ಮಾತಷ್ಟೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ದೊಡ್ಡವರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಜನರಿಗೆ ಬಿಪಿ. ಈ ಬೆಂಚಿನಲ್ಲಿ ಆರು ಜನ ಕೂತಿದ್ದೀರಿ. ಲೆಕ್ಕ ನೀವೇ ಮಾಡ್ರಿ.

ಈಗ ನಮ್ಮಲ್ಲೇ ಒಬ್ಬ ತಮ್ಮನ ಕಥೆ. ಹೆಸರು ಹೇಳೋದಿಲ್ಲ, ಅವನನ್ನು ಕೇಳಿಯೇ ಹೇಳ್ತಿದ್ದೇನೆ. ಬೆಂಗಳೂರಿನ ಕಂಪನಿ ಕೆಲಸ, ನವನಗರದ ಮನೆಯಲ್ಲೇ ಕೂತು ಮಾಡ್ತಾನೆ. 34 ವರ್ಷ. ಒಂದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದಂಗಾಗಿ ಎದ್ದು ಕೂತ. ಬೆವರು. ಎಡಗೈ ಜೋಮು. ಹೆಂಡತಿ ತುಂಬಿದ ಬಸುರಿ. ಬಾಜೂ ಮನೆಯವರು ಗಾಡಿ ತೆಗೆದು ದವಾಖಾನೆಗೆ ಕರ್ಕೊಂಡು ಹೋದ್ರು. ಇಸಿಜಿ ಸರಿ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆದರು, ಅದೂ ಸರಿ. ರಕ್ತ ಪರೀಕ್ಷೆಯೂ ಸರಿ. ಡಾಕ್ಟರು, "ಹೃದಯಕ್ಕ ಏನೂ ಆಗಿಲ್ಲಪ್ಪಾ, ಆಸಿಡಿಟಿ. ಆದ್ರ ಬಿಪಿ 150-100 ಐತಿ, ಸಕ್ಕರಿ ಗಡಿ ಮ್ಯಾಲ ಕುಂತೈತಿ. ಇವತ್ತ ಸುಮ್ನ ಹೆದರಿಸೈತಿ. ಮುಂದ ನೋಡ್ಕೋ" ಅಂದರು.

ಆ ಭಾನುವಾರ ಅವನು ಇಲ್ಲೇ ನಿಂತು ಸಾಕ್ಷಿ ಹೇಳಿದ. ಚಪ್ಪಾಳೆ ಹೊಡೆದ್ವಿ, ಸ್ತೋತ್ರ ಮಾಡಿದ್ವಿ. ಆರು ಸಾವಿರ ರೂಪಾಯಿ ಬೂಟು, ಹೆಜ್ಜೆ ಎಣಿಸುವ ಗಡಿಯಾರ, ಜಿಮ್‌ಗೆ ವರ್ಷದ ಫೀ. ಬೆಳಿಗ್ಗೆ ಐದೂವರೆಗೆ ನನಗೆ ಫೋಟೋ ಬರ್ತಿತ್ತು. ಮೂರನೇ ವಾರ ದಿನ ಬಿಟ್ಟು ದಿನ ಆಯ್ತು. ಆರನೇ ವಾರಕ್ಕೆ ಫೋಟೋ ನಿಂತ್ವು. ಯಾಕೆ ನಿಂತವು ಅಂದರೆ, ಅವನು ಸೋಮಾರಿ ಅಂತಲ್ಲ. ಎದೆ ನೋಯಲಿಲ್ಲ, ಅಷ್ಟೇ. ಹೆದರಿಕೆ ತನ್ನ ಕೆಲಸ ಮುಗಿಸಿ ಹೋಯ್ತು. ಹೆದರಿಕೆಯ ಸ್ವಭಾವವೇ ಅದು. ಎಬ್ಬಿಸಿ ಕೂರಿಸುತ್ತೆ, ದಿನಾ ಜೊತೆಗೆ ಬಂದು ನಡೆಯೋದಿಲ್ಲ. ಫರೋಹನನ್ನು ನೋಡ್ರಿ. ಬಾಧೆ ಬಂದಾಗ ಜನರನ್ನು ಬಿಡ್ತೀನಿ ಅಂತಿದ್ದ, ಕಪ್ಪೆ ಹೋದ ಕೂಡಲೇ, ಆಲಿಕಲ್ಲು ನಿಂತ ಕೂಡಲೇ ಮನಸ್ಸು ಮತ್ತೆ ಗಟ್ಟಿ.

ಅವನ ತಂದೆ ಇಳಕಲ್ಲಿನವರು. ಜೀವನವಿಡೀ ನೇಯ್ದವರು. ನೀವು ಇಳಕಲ್ ಸೀರೆ ಉಟ್ಟಿರ್ತೀರಿ, ಆ ಮಗ್ಗ ನೋಡಿರೋದಿಲ್ಲ. ನೆಲ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು, ಸೊಂಟ ಬಗ್ಗಿಸಿ, ಬೆಳಿಗ್ಗೆಯಿಂದ ಸಂಜೆತನಕ ಕೂರಬೇಕು. ಈಗ ಅವರಿಗೆ ಮೊಣಕಾಲು ಹಿಡಿದುಬಿಟ್ಟಿವೆ. ಮಗನ ಮನೆ ಮೊದಲನೇ ಮಹಡಿ. ಒಂದು ದಿನ ಕರೆಂಟು ಇರಲಿಲ್ಲ, ಲಿಫ್ಟ್ ನಿಂತಿತ್ತು, ದವಾಖಾನೆಯಿಂದ ಬಂದ ಅಪ್ಪನನ್ನು ಮಗ ಬೆನ್ನ ಮೇಲೆ ಹೊತ್ತ. ಅಪ್ಪನ ತೂಕ ಬಹಳ ಅಂದರೆ 50 ಕೆಜಿ. ಎಂಟನೇ ಮೆಟ್ಟಿಲಿಗೆ ಮಗನಿಗೆ ಉಸಿರು ಸಿಗಲಿಲ್ಲ. ಗೋಡೆಗೆ ಒರಗಿ ನಿಂತ. ಬೆನ್ನ ಮೇಲಿದ್ದ ಅಪ್ಪ ಹೇಳಿದ್ರಂತೆ: "ಇಳಿಸೋ ಯಪ್ಪಾ, ನಾ ಕುಂತಕೊಂತ ಹತ್ತತೇನಿ." ಆಮೇಲೆ ಆ ಮುದುಕ ಒಂದೊಂದೇ ಮೆಟ್ಟಿಲಿಗೆ ಕೂತು, ಕೈ ಊರಿ, ಹಿಂದಕ್ಕೆ ಸರೀತಾ ಮೇಲೆ ಹೋದ್ರು. ಮಗ ಹಿಂದಿನಿಂದ ಚೀಲ ಹಿಡ್ಕೊಂಡು ನಿಂತಿದ್ದ.

ಆವತ್ತಿನಿಂದ ಅವನು ನಡೀತಿದ್ದಾನೆ. ಏಳು ತಿಂಗಳಾಯ್ತು. ಫೋಟೋ ಕಳಿಸೋದಿಲ್ಲ. ಬಿಪಿ ಗುಳಿಗಿ ತಗೊಳ್ತಾನೆ, ಉಪ್ಪಿನಕಾಯಿ ಬಿಟ್ಟಿದ್ದಾನೆ. ಇದು ಇಳಕಲ್ ಮನೆಯಲ್ಲಿ ಹುಟ್ಟಿದವನಿಗೆ ಸಣ್ಣ ತ್ಯಾಗ ಏನಲ್ಲ.

ಸಾವಿನ ಹೆದರಿಕೆ ಅವನಿಗೆ ಆರು ವಾರದ ಶಕ್ತಿ ಕೊಟ್ಟಿತ್ತು. ಎಂಟನೇ ಮೆಟ್ಟಿಲು ಕೊಟ್ಟ ಶಕ್ತಿ ಇನ್ನೂ ಮುಗಿದಿಲ್ಲ. ಎರಡೂ ಸಲ ದೇಹ ಅದೇ, ನಡಿಗೆ ಅದೇ. ಮೊದಲ ಸಲ "ನಾನು ಹೋಗಿಬಿಡ್ತೀನೇನೋ" ಅನ್ನೋ ಮಾತಿತ್ತು. ಎರಡನೇ ಸಲ "ಇವರನ್ನು ಯಾರು ಹೊರ್ತಾರೆ" ಅನ್ನೋ ಮಾತು. ನನ್ನ ದೇಹದ ಮೇಲೆ ನನ್ನದಲ್ಲದ ಒಂದು ಹಕ್ಕು ಇದೆ ಅನ್ನೋದು ಆ ಮೆಟ್ಟಿಲ ಮೇಲೆ ಅವನಿಗೆ ಗೊತ್ತಾಯ್ತು.

ಇಲ್ಲಿ ಯಾರಾದರೂ 1 ಕೊರಿಂಥ 6 ನೆನಪು ಮಾಡ್ಕೊಳ್ತಿರಬಹುದು, ದೇಹ ಪವಿತ್ರಾತ್ಮನ ಆಲಯ. ಈ ವಾಕ್ಯವನ್ನು ಜಿಮ್‌ನ ಗೋಡೆ ಮೇಲೂ ಬರೆದಿರೋದನ್ನ ನೋಡಿದ್ದೇನೆ, ಪಕ್ಕದಲ್ಲೇ ಉಬ್ಬಿದ ತೋಳಿನ ಚಿತ್ರ. ಪೌಲ ಅಲ್ಲಿ ತೋಳಿನ ಬಗ್ಗೆ ಬರೆದಿಲ್ಲ. ಕೊರಿಂಥದವರು ದೇಹ ನಮ್ಮದು, ಬೇಕಾದಂಗೆ ಬಳಸ್ತೀವಿ ಅಂತ ಜಾರತ್ವಕ್ಕೆ ಹೋಗ್ತಿದ್ದರು. ಅವರಿಗೆ ಪೌಲ, ಆ ದೇಹಕ್ಕೆ ಬೆಲೆ ಕೊಟ್ಟು ಕೊಂಡ ಯಜಮಾನ ಒಬ್ಬನಿದ್ದಾನೆ ಅಂತ ನೆನಪಿಸ್ತಾನೆ. ಆ ವಾಕ್ಯ ಕನ್ನಡಿ ಮುಂದೆ ನಿಲ್ಲೋದಕ್ಕೆ ಅನುಮತಿ ಪತ್ರ ಅಲ್ಲ. ಹಾಗಂತ ದೇಹವನ್ನು ತಾತ್ಸಾರ ಮಾಡೋದಕ್ಕೂ ಅಲ್ಲ. ನಮ್ಮಲ್ಲಿ ಈ ಎರಡನೇ ರೋಗ ಹೆಚ್ಚು. "ಆತ್ಮ ಮುಖ್ಯ ಬ್ರದರ್, ಶರೀರ ಮಣ್ಣು" ಅಂತ ಹೇಳ್ತಾ ಮೂರನೇ ಪ್ಲೇಟ್ ಮಿರ್ಚಿ ಭಜಿಗೆ ಕೈ ಹಾಕೋದು. ನಗ್ರಿ, ನಗ್ರಿ. ಯಾರು ಅಂತ ನಿಮಗೂ ಗೊತ್ತು.

ಇಳಕಲ್ ಸೀರೆಯ ಮಾತು ಬಂತಲ್ಲ, ಒಂದು ಹೇಳಿ ಮುಂದೆ ಹೋಗ್ತೇನೆ. ಆ ಸೀರೆಯ ಮೈ ಹತ್ತಿ ನೂಲಿನದ್ದು ಇರಬಹುದು, ಸೆರಗು ರೇಷ್ಮೆ. ನೇಕಾರರು ಎರಡು ಬಟ್ಟೆ ನೇಯ್ದು ಹೊಲಿಗೆ ಹಾಕೋದಿಲ್ಲ. ಮಗ್ಗದ ಮೇಲೆಯೇ ಮೈಯ ಹಾಸಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸ್ತಾರೆ, ಒಂದೊಂದೇ ಎಳೆ. ಕತ್ತರಿ ಹಾಕಿದರೆ ಸೀರೆಯೇ ಹೋಯ್ತು. ದೇಹ ಬೇರೆ, ಆತ್ಮ ಬೇರೆ ಅಂತ ಸಲೀಸಾಗಿ ಕತ್ತರಿಸುವವರು ಒಮ್ಮೆ ಇಳಕಲ್‌ಗೆ ಹೋಗಿ ಆ ಕೆಲಸ ನೋಡಿ ಬರಬೇಕು. ಎಲೀಯ ಅಡವಿಯಲ್ಲಿ ಸಾಯಬೇಕು ಅಂತ ಮಲಗಿದಾಗ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟ, ನಿದ್ದೆ ಮಾಡಿಸಿದ, ಎಬ್ಬಿಸಿ ಇನ್ನೊಂದ್ಸಲ ಉಣಿಸಿದ.

ಹಿಜ್ಕೀಯನ ಕಡೆ ಮತ್ತೆ ಬರೋಣ, ಯಾಕಂದರೆ ಅವನ ಚಿಕಿತ್ಸೆ ಹೇಗಾಯ್ತು ಅನ್ನೋದು ನಮಗೆ ಬೇಕು. ಗುಣಮಾಡ್ತೀನಿ ಅಂತ ದೇವರು ಮಾತು ಕೊಟ್ಟಿದ್ದ. ಆದರೂ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದ. ವಾಗ್ದಾನ ಇದೆ, ಔಷಧ ಯಾಕೆ ಅಂತ ಅರಸ ಕೇಳಲಿಲ್ಲ, ಪ್ರವಾದಿಯೂ ಕೇಳಲಿಲ್ಲ. ನಾನು ಸ್ವಸ್ಥತೆಗಾಗಿ ಪ್ರಾರ್ಥನೆ ಮಾಡುವವನು, ಕೈಯಿಟ್ಟು ಪ್ರಾರ್ಥಿಸುವವನು, ಇನ್ನು ಮುಂದೂ ಮಾಡ್ತೇನೆ. ಅದಕ್ಕೇ ಇದನ್ನು ನಾನೇ ಹೇಳಬೇಕು. ಹುನಗುಂದ ಕಡೆಯ ಒಬ್ಬ ತಾಯಿ ಒಂದು ಕೂಟದಲ್ಲಿ ಪ್ರಾರ್ಥನೆ ಮಾಡಿಸಿಕೊಂಡು, ಗುಣ ಆಯ್ತು ಅಂತ ಬಿಪಿ ಗುಳಿಗಿ ಬಿಟ್ಟರು. ಐದು ತಿಂಗಳಿಗೆ ಲಕ್ವಾ ಹೊಡೀತು. ಬಲಗಡೆ ಪೂರ್ತಿ ಹೋಯ್ತು. ಅವರಿಗೆ ಸೊಸೆ ಉಣಿಸ್ತಿದ್ದಾಳೆ. ಅವರ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳಿದರೆ ನನ್ನ ಮುಂದೆ ಹೇಳಬೇಡ್ರಿ. ಬಿಪಿಗೆ ನೋವಿಲ್ಲ, ಗುರುತಿಲ್ಲ, ಗುಣ ಆದಂಗೇ ಅನ್ನಿಸ್ತಿರುತ್ತೆ. ಗುಣ ಆಗಿದ್ದರೆ ಡಾಕ್ಟರ ಯಂತ್ರದಲ್ಲೂ ಕಾಣುತ್ತೆ, ಅವರೇ ಗುಳಿಗಿ ಕಡಿಮೆ ಮಾಡ್ತಾರೆ. ಗುಣವಾದ ಕುಷ್ಠರೋಗಿಗೂ ಯೇಸು, ಹೋಗಿ ಯಾಜಕನಿಗೆ ತೋರಿಸು ಅಂತಲೇ ಹೇಳಿದ.

ಎದೆನೋವಿಗೂ ಅದೇ. ಎದೆ ಒತ್ತಿದಂಗಾಗಿ, ಬೆವರಿ, ನೋವು ಕೈಗೋ ದವಡೆಗೋ ಹರಿದರೆ, ಮೊದಲು 108ಕ್ಕೆ ಫೋನ್ ಮಾಡ್ರಿ, ದಾರಿಯಲ್ಲಿ ಪ್ರಾರ್ಥನೆ ಮಾಡ್ರಿ, ಆಮೇಲೆ ನನಗೆ ಫೋನ್ ಮಾಡ್ರಿ. ಈ ಕ್ರಮ ತಪ್ಪಿಸಬೇಡ್ರಿ. ರಾಜ್ಯ ಸರ್ಕಾರ ಅಪ್ಪು ಹೆಸರಲ್ಲೇ ಹೃದಯ ಜ್ಯೋತಿ ಅಂತ ಯೋಜನೆ ಮಾಡಿದೆ. ಅದಕ್ಕೆ ಸೇರಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಕೇಂದ್ರದ ಹೃದ್ರೋಗ ತಜ್ಞರು ದೂರದಿಂದಲೇ ನೋಡಿ, ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಮೊದಲ ಗಂಟೆಯಲ್ಲಿ ಸಿಕ್ಕರೆ ಬಹಳ ಉಪಯೋಗ, ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಬೆಳಗಾಗೋದನ್ನು ಕಾಯೋದು ವಿಶ್ವಾಸ ಅಲ್ಲ.

ಸರಿ, ಹಿಜ್ಕೀಯ ಎದ್ದ. 15 ವರ್ಷ ಕೈಯಲ್ಲಿದೆ. ಏನು ಮಾಡಿದ?

ಬಾಬೆಲಿನ ಅರಸ ಅವನ ಕಾಯಿಲೆ ಸುದ್ದಿ ಕೇಳಿ ಪತ್ರ, ಕಾಣಿಕೆ ಕಳಿಸ್ತಾನೆ. ಬಂದವರಿಗೆ ಹಿಜ್ಕೀಯ ಬೆಳ್ಳಿ ಬಂಗಾರ, ಸುಗಂಧ ತೈಲ, ಆಯುಧ ಶಾಲೆ, ಉಗ್ರಾಣ ಎಲ್ಲಾ ತೋರಿಸಿದ. ತೋರಿಸದೆ ಬಿಟ್ಟದ್ದು ಒಂದೂ ಇಲ್ಲ ಅಂತ ಗ್ರಂಥ ಬಿಡಿಸಿ ಹೇಳುತ್ತೆ. ಸಾವಿನ ಬಾಗಿಲಿಂದ ವಾಪಸ್ ಬಂದವನು ಉಗ್ರಾಣ ತೋರಿಸ್ತಾ ನಿಂತ. ನನಗೆ ಜಿಮ್‌ನ ಕನ್ನಡಿ ಮುಂದೆ ತೆಗೆದ ಫೋಟೋ ನೋಡಿದಾಗಲೆಲ್ಲಾ ಈ ಅಧ್ಯಾಯ ನೆನಪಾಗುತ್ತೆ. ಕೆಲವರಿಗೆ ಅದು ಒಬ್ಬರಿಗೊಬ್ಬರು ಹುರುಪು ಕೊಡುವ ದಾರಿ, ಅವರನ್ನು ನಾನು ಆಡಿಕೊಳ್ಳೋದಿಲ್ಲ. ಆದರೆ ನಿಮಗೆ ನೀವೇ ಕೇಳಿಕೊಳ್ರಿ, ಸಿಕ್ಕ ಆರೋಗ್ಯ ಯಾರಿಗೆ ತೋರಿಸೋದಕ್ಕೆ ಅಂತ.

ಅದಕ್ಕಿಂತ ಕೆಟ್ಟದ್ದು ಮುಂದಿದೆ. ಯೆಶಾಯ ಬಂದು, ನೀನು ತೋರಿಸಿದ್ದೆಲ್ಲಾ ಬಾಬೆಲಿಗೆ ಹೋಗುತ್ತೆ, ನಿನ್ನ ಸಂತಾನದವರೂ ಸೆರೆಯಾಗ್ತಾರೆ ಅಂದಾಗ ಹಿಜ್ಕೀಯ ಅಳಲಿಲ್ಲ. ನನ್ನ ಕಾಲದಲ್ಲಿ ಸಮಾಧಾನ ಇರುತ್ತಲ್ಲ, ಒಳ್ಳೇದೇ ಆಯ್ತು ಅನ್ನೋ ಅರ್ಥದಲ್ಲಿ ಮಾತಾಡಿದ. ತನ್ನ ಜೀವಕ್ಕಾಗಿ ಗೋಡೆಗೆ ಮುಖ ಮಾಡಿ ಅತ್ತವನು, ಮಕ್ಕಳ ಮಕ್ಕಳಿಗಾಗಿ ಒಂದು ಹನಿ ಹಾಕಲಿಲ್ಲ. ಅವನ ಮಗ ಮನಸ್ಸೆ ಪಟ್ಟಕ್ಕೆ ಬಂದಾಗ 12 ವರ್ಷದವನು. ಅಂದರೆ ಹುಟ್ಟಿದ್ದು ಆ 15 ವರ್ಷದ ಒಳಗೇ. ಮುಂದೆ ಯೆಹೂದದ ಅತ್ಯಂತ ಕೆಟ್ಟ ಅರಸರಲ್ಲಿ ಒಬ್ಬನಾದ. ಇದರಿಂದ ಹಿಜ್ಕೀಯ ಆವಾಗಲೇ ಸತ್ತಿದ್ದರೆ ಚೆನ್ನಾಗಿತ್ತು ಅಂತ ಕೆಲವರು ಪ್ರಸಂಗ ಮಾಡ್ತಾರೆ. ನಾನು ಒಪ್ಪೋದಿಲ್ಲ. ದೇವರು ಕೊಟ್ಟ ದಿನ ಕೆಟ್ಟದ್ದಲ್ಲ. ಆ ಹುಡುಗ ಬೆಳೆಯುವಾಗ ಅಪ್ಪನ ಹೆಚ್ಚುವರಿ ವರ್ಷಗಳು ಎಲ್ಲಿ ಹೋದವು ಅಂತ ಮಾತ್ರ ನಾನು ಕೇಳ್ತೇನೆ.

ಪುನೀತ್ ಅವರ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ತಂದೆ ರಾಜ್‌ಕುಮಾರ್, ತಾಯಿ ಪಾರ್ವತಮ್ಮ ಇಬ್ಬರ ಕಣ್ಣುಗಳೂ ದಾನವಾಗಿದ್ದವು. ಮಗನದ್ದೂ ಆಯ್ತು. ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಣ್ಣಿನ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದರು. ಸಾಮಾನ್ಯವಾಗಿ ಇಬ್ಬರಿಗೆ ಆಗೋದು ನಾಲ್ವರಿಗೆ ಬೆಳಕಾಯ್ತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರು ಒಮ್ಮೆಲೇ ಹೆಚ್ಚಾದರು. ಇಸಿಜಿ ಸಾಲಿನಲ್ಲಿ ನಿಂತವರೂ, ನೇತ್ರದಾನಕ್ಕೆ ಹೆಸರು ಕೊಟ್ಟವರೂ ಒಂದೇ ಸಾವಿನಿಂದ ಎದ್ದು ಬಂದವರು. ಒಬ್ಬರು ನನ್ನ ದೇಹ ಉಳಿಯಲಿ ಅಂದರು, ಇನ್ನೊಬ್ಬರು ನನ್ನ ದೇಹ ಉಪಯೋಗಕ್ಕೆ ಬರಲಿ ಅಂದರು. ಎರಡೂ ಸರಿಯೇ. ಆದರೆ ವ್ಯಾಯಾಮ ಮಾಡಿದವನೂ ಸಾಯಬಹುದು ಅಂತ ಗೊತ್ತಾದ ಮೇಲೂ ನಾಳೆ ಬೆಳಿಗ್ಗೆ ಎದ್ದು ನಡೆಯೋದಕ್ಕೆ ಎರಡನೇ ಮಾತಿನಲ್ಲಿ ಮಾತ್ರ ಕಾರಣ ಸಿಗುತ್ತೆ.

1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯರು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಡ್ರೈವರ್ ದಿನವಿಡೀ ಕೂತಿರ್ತಾನೆ. ಕಂಡಕ್ಟರ್ ಟಿಕೆಟ್ ಕೊಡ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ, ಬಂದರೂ ಅಷ್ಟು ಜೋರಾಗಿ ಅಲ್ಲ. ನಡೆಯೋದಕ್ಕೂ ಹೃದಯಕ್ಕೂ ಸಂಬಂಧ ಇದೆ ಅಂತ ಜಗತ್ತಿಗೆ ಎಣಿಸಿ ತೋರಿಸಿದ ಮೊದಲ ದೊಡ್ಡ ಕೆಲಸಗಳಲ್ಲಿ ಅದೊಂದು. ನನಗೆ ಅದರಲ್ಲಿ ಇಷ್ಟವಾದ ಸಂಗತಿ, ಆ ಕಂಡಕ್ಟರುಗಳಲ್ಲಿ ಯಾರೂ ಫಿಟ್ ಆಗಬೇಕು ಅಂತ ಹತ್ತಲಿಲ್ಲ. ಮೇಲಿನ ಅಂತಸ್ತಿನಲ್ಲಿ ಟಿಕೆಟ್ ಇಲ್ಲದೆ ಒಬ್ಬ ಕೂತಿದ್ದ, ಅದಕ್ಕೆ ಹತ್ತಿದರು.

ಹಳೇ ಬಾಗಲಕೋಟೆಯ ನಮ್ಮ ಹಿರಿಯರೂ ಹಂಗೇ. ಓಣಿ ಸಣ್ಣವು, ಸಂತೆ, ನಳ, ಬೀಗರ ಮನೆ ಎಲ್ಲಾ ಕಾಲ್ನಡಿಗೆ. ಆಲಮಟ್ಟಿ ಹಿನ್ನೀರು ಬಂತು, ನವನಗರ ಕಟ್ಟಿದರು, ಸೆಕ್ಟರ್ ಸೆಕ್ಟರ್ ದೂರ ದೂರ, ರಸ್ತೆ ಅಗಲ. ಈಗ ಮೊಸರು ತರೋದಕ್ಕೂ ಗಾಡಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೀರಿ ಅಂತ ಹೇಳುತ್ತೆ. ದಿನಕ್ಕೆ 20-25 ನಿಮಿಷ. ನಮ್ಮ ಭಾನುವಾರದ ಆರಾಧನೆ ಅದಕ್ಕಿಂತ ಉದ್ದ, ಯಾರೂ ದೂರಿಲ್ಲ. ದೂರಿದ್ದರೂ ನನ್ನ ಕಿವಿಗೆ ಬಿದ್ದಿಲ್ಲ.

ಹೋದ ತಿಂಗಳು ಬಾದಾಮಿ ಗುಡ್ಡಕ್ಕೆ ಹೋದಾಗ ನಿಮ್ಮಲ್ಲಿ ಕೆಲವರು ಅಗಸ್ತ್ಯತೀರ್ಥದ ದಂಡೆಯಲ್ಲೇ "ನಾವು ಇಲ್ಲೇ ಪ್ರಾರ್ಥನೆ ಮಾಡ್ತೀವಿ, ನೀವು ಹತ್ರಿ" ಅಂದ್ರಿ. ಪ್ರಾರ್ಥನೆ ಮಾಡಿದ್ರೋ, ಹಣ್ಣು ಕಸಿಯೋಕೆ ಬಂದ ಕೋತಿ ಓಡಿಸಿದ್ರೋ ಕರ್ತನಿಗೇ ಗೊತ್ತು. ಅದೇ ಕೆಂಪು ಬಂಡೆಗಳನ್ನು ಹಗ್ಗ ಕಟ್ಟಿ ಹತ್ತೋದಕ್ಕೆ ಜನ ಬೆಂಗಳೂರಿಂದ ಬರ್ತಾರೆ.

ಒಂದು ಗಂಭೀರ ಮಾತು. ಫಿಟ್‌ನೆಸ್ ಅನ್ನೋದು ಕೂತು ದುಡಿಯುವವರ ಪ್ರಶ್ನೆ. ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕೆಲಸದವನಿಗೆ ಹತ್ತು ಸಾವಿರ ಹೆಜ್ಜೆ ನಡಿ ಅಂತ ಹೇಳಿದರೆ ಅವನು ನಗ್ತಾನೆ. ಅವನ ದೇಹ ಹಾಳಾಗೋದು ಕಲ್ಲಿನ ಧೂಳಿನಿಂದ. ಆ ಧೂಳು ಶ್ವಾಸಕೋಶಕ್ಕೆ ಕೂತು ಸಿಲಿಕೋಸಿಸ್ ಬಂದರೆ ವಾಪಸ್ ಹೋಗೋದಿಲ್ಲ. ನೀರು ಬಿಟ್ಟು ಕೊಯ್ದರೆ, ಸರಿಯಾದ ಮಾಸ್ಕ್ ಕೊಟ್ಟರೆ ಬಹಳ ಮಟ್ಟಿಗೆ ತಡೆಯಬಹುದು. ಇಲ್ಲಿ ಕೂತವರಲ್ಲಿ ಇಬ್ಬರು ಅಂಥ ಘಟಕಗಳ ಲೆಕ್ಕಪತ್ರ ನೋಡ್ತೀರಿ, ನನಗೆ ಗೊತ್ತು. ಮಾಸ್ಕಿನ ಖರ್ಚು ಯಾವ ಸಾಲಿನಲ್ಲಿ ಬರುತ್ತೆ ಅಂತ ಮಾಲೀಕರನ್ನು ಕೇಳ್ರಿ. ನಿಮ್ಮ ಶ್ವಾಸಕೋಶ ಪವಿತ್ರಾತ್ಮನ ಆಲಯ ಆಗಿದ್ದರೆ ಅವನದ್ದೂ ಆಗಬಹುದಾದದ್ದೇ. ನೀವು ಐದು ಕಿಲೋಮೀಟರ್ ಓಡಿ ಆಫೀಸಿಗೆ ಹೋಗಿ ಆ ಬಿಲ್ಲಿಗೆ ಕತ್ತರಿ ಹಾಕಿದರೆ, ನಿಮ್ಮ ಓಟ ಹಿಜ್ಕೀಯನ ಉಗ್ರಾಣದ್ದೇ.

ಪೌಲ ತಿಮೊಥೆಯನಿಗೆ ಬರೆದದ್ದನ್ನೂ ಮರೀಬೇಡ್ರಿ, ಮೊದಲ ಪತ್ರ 4:8. ದೇಹದ ಸಾಧನೆಯಿಂದ ಸ್ವಲ್ಪ ಲಾಭ ಇದೆ ಅಂತಾನೆ, ಭಕ್ತಿಯ ಲಾಭ ಅದಕ್ಕಿಂತ ದೊಡ್ಡದು ಅಂತಾನೆ. ಭಕ್ತಿಯನ್ನು ದೊಡ್ಡದು ಅಂದ ಅದೇ ಪೌಲ ಸ್ವಲ್ಪವನ್ನು ಸೊನ್ನೆ ಅನ್ನಲಿಲ್ಲ. ಊರೂರು ನಡೆದು ಸುವಾರ್ತೆ ಸಾರಿದವನು ಅವನು. ಆ ಕಾಲುಗಳಿಲ್ಲದೆ ಕೊರಿಂಥದಲ್ಲಿ ಸಭೆ ಇರ್ತಿರಲಿಲ್ಲ.

ಈಗ ಪ್ರಕಟಣೆ ಹೇಳಿಬಿಡ್ತೇನೆ, ಆಮೇಲೆ ಪ್ರಾರ್ಥನೆ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಸಭೆಯ ಮುಂದೆ ಸೇರೋಣ. ನರ್ಸಿಂಗ್ ಓದುವ ನಮ್ಮ ಇಬ್ಬರು ತಂಗಿಯರು ಬಿಪಿ ಯಂತ್ರ ತರ್ತಾರೆ. 25 ದಾಟಿದವರೆಲ್ಲಾ ತೋಳು ಕೊಡಬೇಕು, ನನ್ನಿಂದಲೇ ಶುರು. ಬೂಟು ಇಲ್ಲದವರು ಚಪ್ಪಲಿಯಲ್ಲೇ ಬರ್ರಿ. ನಡೆಯುವ ದಾರಿ ನಾನೇ ಇಟ್ಟಿದ್ದೇನೆ. ನಮ್ಮ ಸಭೆಯ ಏಳು ಹಿರಿಯರು ಮನೆ ಬಿಟ್ಟು ಹೊರಗೆ ಬರೋಕಾಗದೆ ಇದ್ದಾರೆ, ಅವರ ಮನೆಗಳ ಮೇಲೆ ಹಾಯ್ದು ಬರೋಣ. ಯಾರ ಗುಳಿಗಿ ಮುಗಿದಿದೆ ಕೇಳ್ರಿ, ಚೀಟಿ ಇಸ್ಕೊಂಡು ಔಷಧಿ ಅಂಗಡಿಯಿಂದ ತಂದು ಕೊಡ್ರಿ. ಮೂರನೇ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಆ ಅಜ್ಜಿ ಕೆಳಗೆ ಬಂದು ಬಿಸಿಲು ಕಂಡು ನಾಲ್ಕು ತಿಂಗಳಾಯ್ತಂತೆ. ಗಟ್ಟಿ ಇದ್ದವರು ನಾಲ್ಕು ಜನ, ಒಂದು ಕುರ್ಚಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ.